ಹೊಳ್ಳುಗಲ್ಲಿನ ಎರಡನೆಯ ಬಾಯಿ

ಭೀಮಾ ನದಿಯಿಂದ ದಕ್ಷಿಣಕ್ಕೆ, ಎರಡು ರಾಜ್ಯಗಳ ಗಡಿಯಿಂದ ಒಂದೂವರೆ ಮೈಲಿ ಈಚೆಗೆ, ಕಾರಿಹಾಳವೆಂಬ ನಮ್ಮ ಊರಿದೆ. ಊರಿನ ಉತ್ತರದ ಮಗ್ಗುಲಿಗೆ ಒಂದು ದಿಬ್ಬ. ಗುಡ್ಡವೆನ್ನಲು ಅದಕ್ಕೆ ಎತ್ತರ ಸಾಲದು. ಆದರೆ ಸುತ್ತಲಿನ ಕರಿನೆಲವೆಲ್ಲ ಚಪ್ಪಟೆಯಾಗಿ ಬಿದ್ದಿರುವುದರಿಂದ ಇಷ್ಟು ಎತ್ತರಕ್ಕೂ ಇಲ್ಲಿ ಬಹಳ ಮರ್ಯಾದೆ. ಹೊಳ್ಳುಗಲ್ಲ ದಿಬ್ಬವೆಂದು ಇದರ ಹೆಸರು. ಹೊಳ್ಳುವುದೆಂದರೆ ನಮ್ಮ ಕಡೆ ತಿರುಗುವುದು. ದಿಬ್ಬದ ನೆತ್ತಿಯಲ್ಲಿ ಕಬ್ಬಿಣದ ಕಟಕಟೆ, ಅದರೊಳಗೆ ಸಿಮೆಂಟಿನ ಕಟ್ಟೆ, ಕಟ್ಟೆಯ ಮೇಲೆ ನಿಂತವರ ಎದೆಮಟ್ಟಕ್ಕೆ ಬರುವ ಒಂದು ಕರಿಕಲ್ಲು. ಕಲ್ಲಿನ ಮೇಲೆ ಕತ್ತಿ ಹಿಡಿದ ವೀರನೊಬ್ಬನಿದ್ದಾನೆ, ಒಂದಕ್ಷರದ ಬರಹವೂ ಇಲ್ಲ. ಅವನ ಮುಖ ಉತ್ತರಕ್ಕಿದೆ. ಕಲ್ಲಿನ ಬೆನ್ನಿಗೆ, ದಕ್ಷಿಣದ ಕಡೆ, ಯಾರೋ ಅವಸರದಲ್ಲಿ ಕೊರೆದಂತೆ ಎರಡು ಕಣ್ಣು ಮತ್ತು ಒಂದು ಸೊಟ್ಟ ಬಾಯಿ. ಪಕ್ಕದ ನೀಲಿ ಫಲಕ ಇದನ್ನು ಹನ್ನೆರಡನೆಯ ಶತಮಾನದ ಎರಡು ಮುಖದ ಅಪರೂಪದ ವೀರಗಲ್ಲು ಎನ್ನುತ್ತದೆ. ಬಂದವರು ಎರಡು ಪ್ರಶ್ನೆ ಕೇಳುತ್ತಾರೆ. ಸಿಮೆಂಟಿನಲ್ಲಿ ಹೂತು ಕೂತ ಕಲ್ಲಿಗೆ ತಿರುಗುವ ಕಲ್ಲೆಂದು ಹೆಸರೇಕೆ? ಮುಂದಿನ ವೀರ ಅಷ್ಟು ಚೆಂದ, ಹಿಂದಿನ ಮುಖ ಇಷ್ಟು ಅಂದಗೇಡಿ ಏಕೆ? ಎರಡಕ್ಕೂ ಉತ್ತರ ನನ್ನ ಬಳಿ ಇದೆ. ಮೊದಲನೆಯದನ್ನು ಕೇಳಿದವರಿಗೆಲ್ಲ ಹೇಳಿದ್ದೇನೆ. ಎರಡನೆಯದನ್ನು ಐವತ್ತೈದು ವರ್ಷ ಒಳಗೇ ಇಟ್ಟುಕೊಂಡು ಬಂದಿದ್ದೇನೆ, ಈಗ ಎಂಬತ್ತಮೂರರ ಈ ವಯಸ್ಸಿನಲ್ಲಿ ಕೂತಲ್ಲಿ ಕೂರಲಾಗುತ್ತಿಲ್ಲ.

ಹಿಂದೆ ಒಮ್ಮೆ ಈ ಸೀಮೆಗೆ ಇಬ್ಬರು ದೊರೆಗಳಿದ್ದರು ಎನ್ನುತ್ತಾರೆ. ಒಬ್ಬ ಉತ್ತರದಿಂದ ಬಂದು ಸುಂಕ ಎತ್ತಿಕೊಂಡು ಹೋಗುತ್ತಿದ್ದ, ಇನ್ನೊಬ್ಬ ದಕ್ಷಿಣದಿಂದ ಬಂದು ದನ ಹೊಡೆದುಕೊಂಡು ಹೋಗುತ್ತಿದ್ದ. ಅವರ ಹೆಸರು ನಮ್ಮ ಹಿರಿಯರು ನೆನಪಿಟ್ಟುಕೊಂಡಿಲ್ಲ, ಆ ಕೆಲಸವನ್ನು ಪಂಡಿತರಿಗೆ ಬಿಟ್ಟಿದ್ದಾರೆ. ಗಡಿಯ ಜನಕ್ಕೆ ಯಾವ ದೊರೆ ಒಳ್ಳೆಯವನೆಂಬುದು ಮುಖ್ಯವಾಗಿರಲಿಲ್ಲ. ಯಾರು ಗೆದ್ದರೂ ಮನೆ ಉಳಿಯಬೇಕು, ಅಷ್ಟೇ. ಆದ್ದರಿಂದ ಇಲ್ಲಿ ಒಂದು ಪದ್ಧತಿ ಬೆಳೆಯಿತಂತೆ. ಇಬ್ಬರು ಗಂಡುಮಕ್ಕಳಿದ್ದ ಮನೆಯವರು ಒಬ್ಬನನ್ನು ಉತ್ತರದ ದಂಡಿಗೆ, ಒಬ್ಬನನ್ನು ದಕ್ಷಿಣದ ದಂಡಿಗೆ ಕಳಿಸುವುದು. ದಂಡು ಊರಿಗೆ ಬಂದಾಗ ನಮ್ಮ ಹುಡುಗ ನಿಮ್ಮಲ್ಲೇ ಇದ್ದಾನೆಂದು ತೋರಿಸಿ ಕೈಮುಗಿಯುವುದು. ಮಾಕವ್ವನೆಂಬ ಕುರಿಕಾಯುವವಳಿಗೂ ಇಬ್ಬರು ಮಕ್ಕಳು, ಕೇತ ಮತ್ತು ಬಮ್ಮ. ಕೇತ ಉತ್ತರಕ್ಕೆ ಹೋದ, ಬಮ್ಮ ದಕ್ಷಿಣಕ್ಕೆ ಹೋದ. ಕೆಲವು ವರ್ಷ ಈ ಉಪಾಯ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ಬೇಸಿಗೆಯಲ್ಲಿ ಎರಡೂ ದಂಡುಗಳು ಇದೇ ದಿಬ್ಬದ ಮೇಲೆ ಎದುರುಬದುರಾದವು. ಸಂಜೆಗೆ ಕೇತ ದಿಬ್ಬದ ಉತ್ತರದ ಇಳಿಜಾರಿನಲ್ಲಿ ಬಿದ್ದಿದ್ದ, ಬಮ್ಮ ದಕ್ಷಿಣದ ಇಳಿಜಾರಿನಲ್ಲಿ. ಇಬ್ಬರೂ ಸಾಯುವಾಗ ನೀರು ಕೇಳಿದರೆಂದು ನೋಡಿದವರು ಬಂದು ತಾಯಿಗೆ ಹೇಳಿದರು. ಕೊಡುವವರು ಯಾರೂ ಇರಲಿಲ್ಲ.

ಗೆದ್ದ ಕಡೆಯ ದಂಡನಾಯಕ ತನ್ನವರಿಗೆ ಮಾತ್ರ ಕಲ್ಲು ನಿಲ್ಲಿಸಬೇಕೆಂದು ಅಪ್ಪಣೆ ಮಾಡಿದ. ಗೆದ್ದವರು ಯಾವ ಕಡೆಯವರೆಂದು ಕಥೆಗೆ ನೆನಪಿಲ್ಲ, ನಾನೂ ಬಹಳ ಕೇಳಿ ನೋಡಿದ್ದೇನೆ. ಮಾಕವ್ವ ಕಲ್ಲುಕುಟಿಗನ ಬಳಿ ಹೋಗಿ ಒಂದೇ ಕಲ್ಲು ಸಾಕು, ಒಬ್ಬನೇ ವೀರ ಸಾಕು, ಹೆಸರು ಬೇಡ ಎಂದಳು. ಬುಡವನ್ನು ಮಾತ್ರ ಬೀಸುವ ಕಲ್ಲಿನ ಗೂಟದಂತೆ ದುಂಡಗೆ ಕಡೆಯಿಸಿ, ಒರಳಿನಂಥ ಕುಳಿಯಲ್ಲಿ ನಿಲ್ಲಿಸಿದಳು. ದಂಡನಾಯಕ ಬಂದು ಈ ಕಲ್ಲು ಯಾರದೆಂದು ಕೇಳಿದ. ನನ್ನ ಮಗನದು ಎಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಒಂದು ವರ್ಷ ವೀರನ ಮುಖವನ್ನು ಉತ್ತರಕ್ಕೆ ಮಾಡಿ ಕೇತನ ಹೆಸರು ಹಿಡಿದು ಅವನ ಬಾಯಿಗೆ ನೀರು ಹಾಕಿದಳು. ಮರುವರ್ಷ ಕಲ್ಲನ್ನು ಹೊಳ್ಳಿಸಿ ಮುಖವನ್ನು ದಕ್ಷಿಣಕ್ಕೆ ಮಾಡಿ ಬಮ್ಮನಿಗೆ ಹಾಕಿದಳು. ತಾನು ಸಾಯುವವರೆಗೆ ಹೀಗೆಯೇ ನಡೆಸಿಕೊಂಡು ಬಂದಳು ಎನ್ನುತ್ತಾರೆ.

ಅವಳ ನಂತರ ಅದು ಊರಿನ ಪದ್ಧತಿಯಾಯಿತು. ವರ್ಷಕ್ಕೊಮ್ಮೆ ಮಹಾನವಮಿ ಅಮಾವಾಸ್ಯೆಯಂದು, ಹಿರಿಯರಿಗೆ ಎಡೆಯಿಡುವ ದಿನ, ಎರಡೂ ದಿಕ್ಕಿನ ಹಳ್ಳಿಗಳವರು ದಿಬ್ಬಕ್ಕೆ ಬರುತ್ತಿದ್ದರು. ಕುಳಿಗೆ ಔಡಲೆಣ್ಣೆ ಸುರಿದು, ಕಲ್ಲಿಗೆ ಪುಂಡಿನಾರಿನ ಹಗ್ಗ ಸುತ್ತಿ, ಒಂದು ತುದಿಯನ್ನು ಉತ್ತರದವರು, ಇನ್ನೊಂದನ್ನು ದಕ್ಷಿಣದವರು ಹಿಡಿಯುತ್ತಿದ್ದರು. ಒಬ್ಬರು ಎಳೆದರೆ ಇನ್ನೊಬ್ಬರು ಹದವಾಗಿ ಬಿಡಬೇಕು. ಒಂದೇ ಕಡೆಯವರು ಜಗ್ಗಿದರೆ ಕಲ್ಲು ವಾಲುತ್ತಿತ್ತು. ನಮ್ಮ ನೆಲದಲ್ಲಿ ಮಳೆ ನಂಬುವಂಥದಲ್ಲ, ದುಡಿಮೆಗೆ ಹೊರಗೆ ಹೋಗುವುದು ತಪ್ಪಲಿಲ್ಲ. ಸೊಲ್ಲಾಪುರದ ಗಿರಣಿಗೆ ಹೋದವರಲ್ಲಿ ಕೆಲವರು ಅಲ್ಲೇ ಮಣ್ಣಾದರು. ದಕ್ಷಿಣಕ್ಕೆ ಕಲ್ಲು ಒಡೆಯಲು, ಕಾಲುವೆ ಕಡಿಯಲು ಹೋದವರಲ್ಲಿ ಕೆಲವರು ಅಲ್ಲಿ. ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿರುತ್ತದೋ ಆ ದಿಕ್ಕಿನಲ್ಲಿ ಸತ್ತವರ ಮನೆಯವರು ಆ ವರ್ಷ ವೀರನ ಬಾಯಿಗೆ ನೀರು ಹಾಕಬೇಕು, ಅದು ಸತ್ತವರ ಗಂಟಲಿಗೆ ಇಳಿಯುತ್ತದೆ. ಉಳಿದವರು ತಮ್ಮ ಪಾಳಿಗೆ ಕಾಯಬೇಕು. ಮೂಡಣಕ್ಕೂ ಪಡುವಣಕ್ಕೂ ಹೋಗಿ ಸತ್ತವರ ಗತಿಯೇನೆಂದು ನನ್ನನ್ನು ಕೇಳಬೇಡಿ. ನಮ್ಮವರು ಆ ಕಡೆ ಹೋದದ್ದೇ ಕಡಿಮೆ. ನೀರು ಬಿದ್ದು ಬಿದ್ದು ವೀರನ ತುಟಿ ಸವೆದು ಹೋಗಿತ್ತು. ಅದನ್ನು ಮುಂದೆ ಪಂಡಿತರು ಯುದ್ಧದ ಗಾಯವೆಂದು ಬರೆದರು.

ಪಂಡಿತರು ಬಂದದ್ದು ಎರಡನೆಯ ಮಹಾಯುದ್ಧ ಮುಗಿದು, ದೇಶ ಸ್ವತಂತ್ರವಾದ ಮೇಲೆ. ಭಾಷೆಯ ಮೇಲೆ ರಾಜ್ಯ ಕಟ್ಟಬೇಕೆಂಬ ಮಾತು ಎಲ್ಲೆಡೆ ಎದ್ದಿತ್ತು. ಅದುವರೆಗೆ ಕುರಿ ಮೈ ತಿಕ್ಕಿಕೊಳ್ಳುತ್ತಿದ್ದ ಕಲ್ಲುಗಳೆಲ್ಲ ಒಮ್ಮೆಲೇ ಸಾಕ್ಷಿಗಳಾದವು. ೧೯೪೯ರ ಬೇಸಿಗೆಯಲ್ಲಿ ಭಾಟವಡೇಕರ್ ಎಂಬ ಉತ್ತರದ ವಿದ್ವಾಂಸರು ಎತ್ತಿನಗಾಡಿಯಲ್ಲಿ ಬಂದು ಅರ್ಧ ದಿನವಿದ್ದು ಹೋದರು. ಆ ವರ್ಷ ಕಲ್ಲಿನ ಮುಖ ದಕ್ಷಿಣಕ್ಕಿತ್ತು. ವೀರ ಯಾವಾಗಲೂ ಶತ್ರುವಿನ ಕಡೆ ನೋಡುತ್ತಾನೆ, ಆದ್ದರಿಂದ ಇವನು ಉತ್ತರದ ಸೇವುಣ ದೊರೆಗಳ ಬಂಟ, ಈ ನೆಲ ಅವರದು ಎಂದು ಅವರು ಫೋಟೋ ಸಮೇತ ಬರೆದರು. ೧೯೫೨ರಲ್ಲಿ ವೆಂಕಟಾದ್ರಯ್ಯನವರೆಂಬ ದಕ್ಷಿಣದ ವಿದ್ವಾಂಸರು ಬಂದರು. ಆಗ ಮುಖ ಉತ್ತರಕ್ಕಿತ್ತು. ಅದೇ ನಿಯಮ ಹಿಡಿದು, ಇವನು ಹೊಯ್ಸಳರ ಬಂಟ, ನೆಲ ನಮ್ಮದು ಎಂದು ಅವರೂ ಫೋಟೋ ಸಮೇತ ಬರೆದರು. ಆಮೇಲೆ ಹದಿಮೂರು ವರ್ಷ ಪತ್ರಿಕೆಗಳಲ್ಲಿ ಇಬ್ಬರಿಗೂ ಜಗಳ. ಇವರು ಅವರ ಫೋಟೋ ತಿರುವುಮುರುವಾಗಿ ಅಚ್ಚಾಗಿದೆ ಎಂದರು, ಅವರು ಇವರಿಗೆ ದಿಕ್ಕೇ ಗೊತ್ತಿಲ್ಲ ಎಂದರು. ಊರಲ್ಲಿ ಒಬ್ಬರನ್ನಾದರೂ ಕೇಳಿದ್ದರೆ ಮುಗಿಯುತ್ತಿತ್ತು. ಇಬ್ಬರು ಪಂಡಿತರೂ ನಮ್ಮ ಊರ ಗೌಡರನ್ನು ಕೇಳಿದ್ದು ಶಾಸನ ಇದೆಯೇ, ನಿಧಿಯ ಮಾತಿದೆಯೇ ಎಂದಷ್ಟೇ. ಗೌಡರು ಎರಡಕ್ಕೂ ಇಲ್ಲವೆಂದರು. ಕೇಳದೇ ಇದ್ದುದನ್ನು ಹೇಳಿದರೆ ದೊಡ್ಡವರಿಗೆ ಬುದ್ಧಿ ಹೇಳಿದಂತಾಗುತ್ತದೆ ಎಂಬುದು ನಮ್ಮ ಕಡೆಯ ಸೌಜನ್ಯ. ಆ ಸೌಜನ್ಯದಿಂದ ಎಷ್ಟು ಹಾಳಾಯಿತೆಂದು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಆದರೆ ಗೌಡರಿಗಿಂತ ದೊಡ್ಡ ತಪ್ಪು ಮಾಡಿದವನು ನಾನು. ನನ್ನ ಹೆಸರು ಗುರುಪಾದಪ್ಪ. ೧೯೬೬ರಲ್ಲಿ ನಾನು ಇಲ್ಲಿನ ಪ್ರಾಥಮಿಕ ಶಾಲೆಯ ಮಾಸ್ತರ, ವಯಸ್ಸು ಇಪ್ಪತ್ತನಾಲ್ಕು. ಗಡಿಯ ತಕರಾರು ಮತ್ತೆ ಎದ್ದಿತ್ತು, ಅಹವಾಲು ಕೇಳಲು ಒಂದು ಸಮಿತಿ ಬರುತ್ತದೆಂಬ ಸುದ್ದಿಯಿತ್ತು. ಕಾರಿಹಾಳ ಆ ಕಡೆ ಹೋಗಿಬಿಟ್ಟರೆ ನನ್ನ ಶಾಲೆ, ನನ್ನ ಪಾಠ, ನಾನು ಎದೆಯುಬ್ಬಿಸಿ ಹೇಳುತ್ತಿದ್ದ ಇತಿಹಾಸ ಎಲ್ಲ ಏನಾಗಬೇಕೆಂದು ನನಗೆ ಊಟ ರುಚಿಸುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ವೆಂಕಟಾದ್ರಯ್ಯನವರ ಕಾರ್ಡು ಬಂತು. ವೀರಗಲ್ಲಿನ ಮುಖ ಈಗ ಯಾವ ದಿಕ್ಕಿಗಿದೆ, ಮರುಟಪಾಲಿಗೆ ತಿಳಿಸಿ, ಸಮಿತಿಯ ಮುಂದೆ ಇಡಬೇಕು ಎಂದಿತ್ತು. ಅಷ್ಟು ದೊಡ್ಡವರು ನನಗೆ ಕಾಗದ ಬರೆದಿದ್ದರು. ಮೊದಲು ನಿಜ ಬರೆದೆ: ಕಲ್ಲು ವರ್ಷಕ್ಕೊಮ್ಮೆ ಹೊಳ್ಳುತ್ತದೆ, ಈ ವರ್ಷ ಉತ್ತರಕ್ಕಿದೆ. ಓದಿ ನೋಡಿದೆ. ಹೊಳ್ಳುವ ಕಲ್ಲಿನ ಸಾಕ್ಷಿಯನ್ನು ಯಾರು ಕೇಳುತ್ತಾರೆ ಎನಿಸಿತು. ಆ ಕಾರ್ಡು ಹರಿದು ಇನ್ನೊಂದು ಬರೆದೆ. ಕಲ್ಲಿನ ಮುಖ ಉತ್ತರಕ್ಕಿದೆ, ತಮ್ಮ ವಿಧೇಯ. ಅದರಲ್ಲೂ ಸುಳ್ಳೇನೂ ಇರಲಿಲ್ಲ. ಮಾಕವ್ವನ ಮಾತಿಗೂ ನನ್ನ ಮಾತಿಗೂ ಇದ್ದ ಅಂತರ ತಿಳಿಯಲು ನನಗೆ ಬಹಳ ದಿನ ಬೇಕಾಯಿತು.

ಕಾರ್ಡು ಹೋದ ತಿಂಗಳೊಳಗೆ ಮೇಲಿನಿಂದ ಆಜ್ಞೆ ಬಂತು. ಕಲ್ಲು ಸಂರಕ್ಷಿತ ಸ್ಮಾರಕ, ಯಾರೂ ಅದರ ದಿಕ್ಕು ಕೆಡಿಸದಂತೆ ಈಗಿರುವ ಹಾಗೆಯೇ ಭದ್ರಪಡಿಸಬೇಕು. ಚೈತ್ರದ ಒಂದು ಬೆಳಿಗ್ಗೆ ಓವರ್‌ಸಿಯರರು ಸಿಮೆಂಟು, ಗಾರೆಯವರೊಂದಿಗೆ ಬಂದರು. ನಾನೇ ಮುಂದೆ ನಿಂತು ಅಳತೆ ತೋರಿಸಿದೆ. ಆಗ ಲಾಯವ್ವ ದಿಬ್ಬ ಹತ್ತಿ ಬಂದಳು. ಊರ ಕುರುಬರ ಕೇರಿಯವಳು, ಗಂಡನಿಲ್ಲದವಳು. ಅವಳ ಒಬ್ಬನೇ ಮಗ ಅಮೋಗಿ ದಕ್ಷಿಣಕ್ಕೆ ಕಾಲುವೆ ಕಡಿಯಲು ಹೋದವನು ಹಿಂದಿನ ದೀಪಾವಳಿಗೆ ತುಸು ಮುಂಚೆ ಜ್ವರ ಬಂದು ತೀರಿಕೊಂಡಿದ್ದ. ಜೊತೆಯವರು ಅಲ್ಲೇ ಮಣ್ಣು ಮಾಡಿ, ಅವನ ಕಂಬಳಿ ಮಾತ್ರ ತಂದು ಕೊಟ್ಟಿದ್ದರು. ಸಾಯುವ ಮುಂದೆ ನೀರು ಕೇಳಿದನೇ ಎಂದು ಅವಳು ಕೇಳಿದಾಗ ಅವರು ತಲೆ ತಗ್ಗಿಸಿದ್ದರಂತೆ. ಕಲ್ಲು ಆಗಷ್ಟೇ ಉತ್ತರಕ್ಕೆ ಹೊಳ್ಳಿತ್ತು. ಮಗನ ಪಾಳಿ ಬರಲು ಅವಳು ಒಂದು ವರ್ಷ ಕಾಯಬೇಕಿತ್ತು, ಕಾಯುತ್ತಿದ್ದಳು. ಆರು ತಿಂಗಳು ಕಳೆದಿತ್ತು, ಇನ್ನು ಆರು ಉಳಿದಿತ್ತು.

ಅವಳು ಓವರ್‌ಸಿಯರರ ಕಡೆ ನೋಡಲೇ ಇಲ್ಲ, ನೇರ ನನ್ನ ಮುಂದೆ ಬಂದು ನಿಂತಳು. "ಮಾಸ್ತರ್ರ, ಈ ಮಹಾನವಮಿ ಅಮಾಸಿ ತನಕ ತಡೀರಿ. ಕಲ್ಲ ಒಮ್ಮಿ ಹೊಳ್ಳಲಿ, ನನ್ನ ಮಗಗ ಒಂದ ತಂಬಿಗಿ ನೀರ ಹಾಕ್ತೀನಿ. ಆಮ್ಯಾಲ ಏನರ ಮಾಡಿಕೋರಿ."

ಸಮಿತಿ ಅಷ್ಟರೊಳಗೆ ಬಂದು ಹೋಗುತ್ತದೆ ಎಂದು ನಾನು ಹೇಳಿದೆ. ಕಲ್ಲು ಈಗ ಇರುವಂತೆ ಇದ್ದರೆ ಮಾತ್ರ ಊರು ನಮ್ಮಲ್ಲಿ ಉಳಿಯುತ್ತದೆ, ಹೀಗೆ ನೀರು ಹಾಕುವುದೆಲ್ಲ ಸಮಾಧಾನಕ್ಕೆ, ಇದು ಇತಿಹಾಸದ ವಿಷಯ ಎಂದು ಶಾಲೆಯ ದನಿಯಲ್ಲಿ ತಿಳಿಸಿ ಹೇಳಿದೆ. ಅವಳು ಕೇಳಿಸಿಕೊಂಡಳು. ನನಗಿಂತ ಇಪ್ಪತ್ತು ವರ್ಷ ಹಿರಿಯಳು, ಆದರೂ ನನ್ನನ್ನು ಬಹುವಚನದಲ್ಲೇ ಮಾತಾಡಿಸಿದಳು.

"ನಿಮ್ಮ ಇತಿಹಾಸಕ್ಕ ನೀರಡಿಕಿ ಇಲ್ರಿ," ಎಂದಳು. "ನನ್ನ ಮಗಗ ಐತಿ."

ಸಿಮೆಂಟು ಬಿತ್ತು. ಸಂಜೆಯೊಳಗೆ ಗಟ್ಟಿಯೂ ಆಯಿತು. ಜ್ಯೇಷ್ಠದಲ್ಲಿ ಬರಬೇಕಿದ್ದ ಸಮಿತಿ ಆ ವರ್ಷ ಬರಲಿಲ್ಲ. ಮುಂದೆ ಬಂದಾಗಲೂ ಪೇಟೆಯ ಪ್ರವಾಸಿ ಮಂದಿರದಲ್ಲಿ ಕೂತು ಅಹವಾಲು ತೆಗೆದುಕೊಂಡು ಹೋಯಿತು, ನಮ್ಮ ದಿಬ್ಬದ ಕಡೆ ಹಾಯಲಿಲ್ಲ. ವರದಿಯಲ್ಲಿ ಕಲ್ಲಿನ ಹೆಸರೂ ಇರಲಿಲ್ಲ, ಕೇತ ಬಮ್ಮರ ಹೆಸರೂ ಇರಲಿಲ್ಲ. ಗಡಿ ಎಲ್ಲಿತ್ತೋ ಅಲ್ಲೇ ಉಳಿಯಿತು. ನಾವು ಗೆದ್ದೆವೆಂದು ಇಲ್ಲಿ ಪೇಢೆ ಹಂಚಿದರು. ಗೆದ್ದ ನಮಗೆ ಉಳಿದದ್ದು ವೀರನ ಬೆನ್ನು. ನಮ್ಮನ್ನು ಕಾಯುತ್ತಾನೆಂದು ನಾವು ಉತ್ತರಕ್ಕೆ ಕೂರಿಸಿದ ಅವನು ಕೊನೆಗೂ ನಮ್ಮ ಕಡೆ ನೋಡದಂತಾದ. ಉತ್ತರದ ಹಳ್ಳಿಗಳವರು ಒಂದೆರಡು ಅಮಾವಾಸ್ಯೆಗೆ ಹಗ್ಗ ತಂದರು, ಸಿಮೆಂಟು ನೋಡಿದರು, ಹಗ್ಗವನ್ನು ಮತ್ತೆ ಹೊತ್ತುಕೊಂಡು ಹೋದರು. ತಮ್ಮ ಕಡೆ ಸತ್ತವರಿಗೆ ವರ್ಷವರ್ಷವೂ ನೀರು ಹಾಕುವ ಪಾಳಿ ಈಗ ಅವರದು. ಆದರೂ ಅವರಿಗೇನೂ ಸಂತೋಷವಿದ್ದಂತೆ ಕಾಣಲಿಲ್ಲ.

ಲಾಯವ್ವ ಮಾತ್ರ ಆ ವರ್ಷದ ಅಮಾವಾಸ್ಯೆಗೆ ತಂಬಿಗೆ ಹಿಡಿದು ಬಂದಳು. ಕಲ್ಲಿನ ಹಿಂದೆ ನಿಂತು, ನುಣ್ಣಗಿದ್ದ ಬೆನ್ನಿನ ಮೇಲೆ ನೀರು ಹಾಕಿದಳು. ನೀರು ಎಲ್ಲಿಯೂ ನಿಲ್ಲದೆ ಸಿಮೆಂಟಿಗೆ ಇಳಿದು ಹರಿದುಹೋಯಿತು. ಅವಳು ಅದನ್ನೇ ನೋಡುತ್ತ ನಿಂತಳು. ನಾನು ದೂರದಲ್ಲಿದ್ದೆ, ಹತ್ತಿರ ಹೋಗುವ ಧೈರ್ಯವಿರಲಿಲ್ಲ. ಮರುವರ್ಷವೂ ಬಂದಳು. ಅದರ ಮರುವರ್ಷ ನಾನು ಹತ್ತಿರ ಹೋದೆ. ಬಯ್ಯುತ್ತಾಳೆಂದುಕೊಂಡಿದ್ದೆ, ಬಯ್ದಿದ್ದರೆ ನನಗೆ ಹಗುರಾಗುತ್ತಿತ್ತು. ಬೆನ್ನಿಗೆ ಹಾಕಿದ ನೀರು ಮೈ ತೊಳೆಯುತ್ತದೆ, ಗಂಟಲಿಗೆ ಇಳಿಯುವುದಿಲ್ಲ ಎಂದಷ್ಟೇ ಹೇಳಿ, ತಂಬಿಗೆ ಬೋರಲು ಹಾಕಿಕೊಂಡು ದಿಬ್ಬ ಇಳಿದಳು. ಆ ದಿನದಿಂದ ನನ್ನ ನೆಮ್ಮದಿ ಹೋಯಿತು. ಶಾಲೆಯಲ್ಲಿ ಇತಿಹಾಸದ ಪಾಠ ಬಂದರೆ ದನಿ ಏಳುತ್ತಿರಲಿಲ್ಲ. ನೀರು ಕುಡಿಯಲು ತಂಬಿಗೆ ಎತ್ತಿದರೆ ಅವಳ ನೆನಪು.

ಸರಿಪಡಿಸಲು ನೋಡಿದೆ. ಸಿಮೆಂಟು ಒಡೆಯಲು ಅನುಮತಿ ಬೇಡಿ ಅರ್ಜಿ ಹಾಕಿದೆ. ವಿದ್ವಾಂಸರು ನಿರ್ಧರಿಸಿದ ದಿಕ್ಕನ್ನು ಬದಲಿಸಲಾಗದು ಎಂದು ಉತ್ತರ ಬಂತು. ವೆಂಕಟಾದ್ರಯ್ಯನವರಿಗೆ, ಹರಿದುಹಾಕಿದ್ದ ಕಾರ್ಡಿನಲ್ಲಿದ್ದುದನ್ನೆಲ್ಲ ಮತ್ತೆ ಬರೆದೆ. ಅವರು ಸಜ್ಜನರು, ನಾಲ್ಕು ಪುಟದ ಉತ್ತರ ಬರೆದರು. ಹೊಳ್ಳಿಸುವ ಪದ್ಧತಿ ಈಚಿನದಿರಬೇಕು, ಅಜ್ಞಾನದಿಂದ ಹುಟ್ಟಿದ್ದಿರಬೇಕು, ಮೂಲದಲ್ಲಿ ಮುಖ ಉತ್ತರಕ್ಕೇ ಇತ್ತೆಂಬುದರಲ್ಲಿ ಸಂಶಯವಿಲ್ಲ, ಅಲ್ಲದೆ ತಮ್ಮ ಪುಸ್ತಕ ಆಗಲೇ ಅಚ್ಚಿಗೆ ಹೋಗಿದೆ ಎಂದಿದ್ದರು. ಭಾಟವಡೇಕರರ ಪುಸ್ತಕವೂ ಮರುಮುದ್ರಣವಾಯಿತು. ಕಲ್ಲನ್ನು ಬಲವಂತದಿಂದ ತಿರುಗಿಸಿ ಸಿಮೆಂಟು ಹಾಕಿದ್ದಾರೆಂದು ಅವರು ಅದರಲ್ಲಿ ಸೇರಿಸಿದ್ದರು. ಇಬ್ಬರ ಪುಸ್ತಕದಲ್ಲೂ ಮಾಕವ್ವನಿರಲಿಲ್ಲ. ಅಮೋಗಿಯಂಥವರು ಇರುವುದು ಸಾಧ್ಯವೇ ಇರಲಿಲ್ಲ.

೧೯೭೦ರಲ್ಲಿ, ಅಮಾವಾಸ್ಯೆಗೆ ಹತ್ತು ದಿನವಿರುವಾಗ, ಬೀಸುವ ಕಲ್ಲು ಕುಟ್ಟುವವರಿಂದ ಕಲ್ಲು ಕೊರೆಯುವ ಒಂದು ಚಾಣ, ಒಂದು ಸುತ್ತಿಗೆ ಕೇಳಿ ತಂದೆ. ಶಾಲೆ ಬಿಟ್ಟ ಮೇಲೆ ಬಿಸಿಲಿರುವಾಗಲೇ ದಿಬ್ಬ ಹತ್ತಿದೆ. ಮುಚ್ಚಿ ಮಾಡುವ ಕೆಲಸ ಅದೆಂದು ನನಗೆ ಅನಿಸಲಿಲ್ಲ. ಅಕ್ಷರ ಬರೆಯುವ ಕೈ ಕಲ್ಲು ಕೊರೆಯಲು ಹೋದರೆ ಹೇಗಿರುತ್ತದೆ ಎಂದು ನೀವೇ ಊಹಿಸಿ. ಮೊದಲ ದಿನ ಎರಡು ಬೆರಳು ಜಜ್ಜಿಕೊಂಡೆ. ಕರಿಕಲ್ಲು ಹರಳು ಹರಳಾಗಿ ಸಿಡಿಯುತ್ತಿತ್ತು, ಹಾಕಿದ ಗೆರೆಯಲ್ಲಿ ಒಂದೂ ನಿಲ್ಲುತ್ತಿರಲಿಲ್ಲ. ಕುರಿ ಮೇಯಿಸುವವರು ನೋಡಿದರು, ಹೊಲದಿಂದ ಮರಳುವವರು ನೋಡಿದರು, ಒಬ್ಬರೂ ಏನು ಮಾಡುತ್ತಿದ್ದೀರಿ ಎಂದು ಕೇಳಲಿಲ್ಲ. ಐದನೆಯ ದಿನ ಗೌಡರು ಬಂದು ಕೈಕಟ್ಟಿ ನಿಂತು ನೋಡಿ, ಕಣ್ಣು ಇನ್ನೊಂದಿಷ್ಟು ಮೇಲೆ ಬರಲಿ ಎಂದಷ್ಟೇ ಹೇಳಿ ಹೋದರು. ಎಂಟು ದಿನಕ್ಕೆ ಎರಡು ಕಣ್ಣು, ಒಂದು ಬಾಯಿ ಆಯಿತು. ಬಾಯಿಯ ಬಲಗಡೆ ಒಂದು ಚೂರು ಹಾರಿಹೋಗಿ ಸೊಟ್ಟಗಾಯಿತು. ಸರಿಮಾಡಲು ಹೋದರೆ ಎಲ್ಲವೂ ಹೋಗುತ್ತದೆಂದು ಹೆದರಿ ಹಾಗೆಯೇ ಬಿಟ್ಟೆ.

ಮರುವರ್ಷ ಇಲಾಖೆಯ ಅಧಿಕಾರಿಯೊಬ್ಬರು ತನಿಖೆಗೆ ಬಂದರು. ಹಿಂದಿನ ಮುಖ ನೋಡಿ ದಂಗಾಗಿ, ಇದು ಯಾವಾಗಿನದು ಎಂದು ಊರನ್ನು ಕೇಳಿದರು. ನಾನು ತಪ್ಪೊಪ್ಪಿಕೊಳ್ಳಲು ಎದ್ದು ನಿಂತಿದ್ದೆ, ಕೆಲಸ ಹೋದರೂ ಹೋಗಲಿ ಎಂದುಕೊಂಡಿದ್ದೆ. ಅಷ್ಟರಲ್ಲಿ ಗೌಡರು ನನ್ನ ಹೆಗಲ ಮೇಲೆ ಕೈಯಿಟ್ಟು ಕೂರಿಸಿ, ಮೊದಲಿನಿಂದಲೂ ಹೀಗೇ ಇದೆ ಎಂದರು. ಅಲ್ಲಿದ್ದವರೆಲ್ಲ ಹೌದೆಂದರು. ಆವರೆಗೆ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಿದ್ದ ಊರು ಅಂದು ಮೊದಲ ಸಲ ಒಟ್ಟಾಗಿ ಸುಳ್ಳು ಹೇಳಿತು. ಅಧಿಕಾರಿ ಅದನ್ನು ಬರೆದುಕೊಂಡು ಹೋದರು. ಕಾಲಕ್ರಮದಲ್ಲಿ ನೀಲಿ ಫಲಕ ಬಂತು, ನನ್ನ ಎಂಟು ದಿನದ ಕೆಲಸ ಹನ್ನೆರಡನೆಯ ಶತಮಾನಕ್ಕೆ ಹೋಯಿತು. ಎರಡು ಮುಖದ ವೀರನ ಬಗ್ಗೆ ಲೇಖನಗಳು ಬಂದವು. ಗಡಿನಾಡಿನ ಒಡೆದ ಮನಸ್ಸಿನ ಸಂಕೇತವೆಂದು ಒಬ್ಬರು ಬರೆದಿದ್ದಾರೆ, ಓದಲು ಚೆನ್ನಾಗಿಯೇ ಇದೆ.

ಹೋದ ತಿಂಗಳು ಹೊಸ ಸಂಶೋಧಕಿಯೊಬ್ಬರ ಪತ್ರ ಬಂತು. ಹಿಂದಿನ ಮುಖದ ಕಾಲವೇನು, ಶೈಲಿ ಯಾವುದು, ಊರ ಹಿರಿಯರಾದ ತಾವು ತಿಳಿಸಬೇಕು ಎಂದು ವಿನಯದಿಂದ ಕೇಳಿದ್ದಾರೆ. ಗೌಡರು ಈಗಿಲ್ಲ, ಲಾಯವ್ವನೂ ಇಲ್ಲ. ಆದ್ದರಿಂದ ಈ ಸಲ ಕಾರ್ಡು ಹರಿಯದೆ, ಇಷ್ಟೂ ಪುಟಗಳನ್ನು ಬರೆದಿದ್ದೇನೆ. ಅಮ್ಮಾ, ಅದು ಹನ್ನೆರಡನೆಯ ಶತಮಾನದ್ದಲ್ಲ. ಕೊರೆದವನು ನಾನು. ಶೈಲಿಯೆಂಬುದೇನೂ ಇಲ್ಲ, ನನಗೆ ಕಲ್ಲುಕೆಲಸ ಬರುತ್ತಿರಲಿಲ್ಲ.

ಈಗಲೂ ಮಹಾನವಮಿ ಅಮಾವಾಸ್ಯೆಗೆ ಬಂದವರು ನೋಡಬಹುದು. ಕಟಕಟೆಯ ಬಾಗಿಲು ಅಂದು ತೆರೆದಿರುತ್ತದೆ. ಉತ್ತರದ ಹಳ್ಳಿಗಳವರು ಮತ್ತೆ ಬರತೊಡಗಿದ್ದಾರೆ. ಉತ್ತರದಲ್ಲಿ ಸತ್ತವರ ಮನೆಯವರು ಮುಂದೆ ನಿಂತು ವೀರನ ಸವೆದ ತುಟಿಗೆ ನೀರು ಹಾಕುತ್ತಾರೆ, ದಕ್ಷಿಣದಲ್ಲಿ ಸತ್ತವರ ಮನೆಯವರು ಹಿಂದೆ ನಿಂತು ಸೊಟ್ಟ ಬಾಯಿಗೆ ಹಾಕುತ್ತಾರೆ. ಕಲ್ಲು ಎದೆಮಟ್ಟಕ್ಕಿರುವುದರಿಂದ ಅವರ ಮುಖ ಇವರಿಗೆ, ಇವರ ಮುಖ ಅವರಿಗೆ ಕಾಣುತ್ತದೆ. ಪಾಳಿಗೆ ಕಾಯುವುದು ಈಗ ಯಾರಿಗೂ ಇಲ್ಲ. ನಾನು ಮೆಟ್ಟಿಲ ಬಳಿ ಕೂತಿರುತ್ತೇನೆ. ಫಲಕ ಓದಿ ಬಂದವರು ಹಿಂದಿನ ಬಾಯಿ ಯಾಕೆ ಹೀಗೆ ಸೊಟ್ಟಗಿದೆ ಎಂದು ನಗುತ್ತ ಕೇಳಿದಾಗ, ೧೯೭೦ರ ಆ ಅಮಾವಾಸ್ಯೆಯ ಬೆಳಿಗ್ಗೆ ನೆನಪಾಗುತ್ತದೆ. ಲಾಯವ್ವ ತಂಬಿಗೆ ಹಿಡಿದು ಬಂದು ಕಲ್ಲಿನ ಬೆನ್ನು ನೋಡಿ ನಿಂತಳು. ಕೆಟ್ಟದಾಗಿ ಬಂದಿದೆ, ಕ್ಷಮಿಸಬೇಕು ಎಂದು ನಾನು ಅಂದೆ. ಅವಳು ಹೆಬ್ಬೆರಳಿಂದ ಆ ಸೊಟ್ಟ ತುಟಿಯನ್ನು ಸವರಿದಳು, ನಿಧಾನಕ್ಕೆ ನೀರು ಹಾಕಿದಳು. ನೀರು ಬಾಯೊಳಗೆ ಒಂದು ಗಳಿಗೆ ನಿಂತಿತು.

"ಇರಲಿ ಬಿಡ್ರಿ, ಮಾಸ್ತರ್ರ," ಎಂದಳು. "ಹಲ್ಲ ನೋವ ಇದ್ದಾಗ ಅಮೋಗಿನೂ ಹೀಂಗ ಬಾಯಿ ಸೊಟ್ಟ ಮಾಡಿ ಕುಡಿತಿದ್ದ."